ಮೂಗ್ ಅಲ್ಲ, ಮೋಗ್

ಹೆಸರಿನಿಂದಲೇ ಶುರು ಮಾಡೋಣ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದವರೆಲ್ಲ ಇವರನ್ನ ಮೂಗ್ ಅಂತಲೇ ಓದ್ತಾರೆ. ಕನ್ನಡದಲ್ಲಿ ಹಾಗೆ ಓದಿದ್ರೆ ಒಂದೋ ಮೂಗು ನೆನಪಾಗುತ್ತೆ, ಇಲ್ಲಾ ಮೂಗ. ಇಷ್ಟೊಂದು ಹೊಸ ಸದ್ದು ಹುಟ್ಟಿಸಿದವರಿಗೆ ಮೂಗ ಅನ್ನೋ ಹೆಸರು ತೀರಾ ಅನ್ಯಾಯ. ಅವರು ಸ್ವತಃ ಹೇಳ್ಕೊಳ್ತಿದ್ದದ್ದು ಮೋಗ್ ಅಂತ, ಜೋಗ್ ಫಾಲ್ಸ್‌ನ ಜೋಗ್ ಥರ. ರಾಬರ್ಟ್ ಮೋಗ್. ಈ ಹೆಸರನ್ನ ಅವರು ಒಮ್ಮೆ ಕಳ್ಕೊಂಡರು ಕೂಡ. ಆ ಕಥೆ ಆಮೇಲೆ.

1934ರ ಮೇ 23ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದರು. ಅಮ್ಮನಿಗೆ ಮಗ ಪಿಯಾನೋ ಕಲೀಬೇಕು ಅನ್ನೋ ಹಟ. ಅಪ್ಪ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್. ಹುಡುಗ ಹೈಸ್ಕೂಲ್ ವಯಸ್ಸಿನಲ್ಲೇ ಥೆರೆಮಿನ್ ಕಟ್ಟಿದ್ದ. ಇದು ಮುಟ್ಟದೆ ನುಡಿಸೋ ವಾದ್ಯ: ಆಂಟೆನಾ ಹತ್ತಿರ ಕೈ ತಂದ್ರೆ ಕೆಪಾಸಿಟೆನ್ಸ್ ಬದಲಾಗಿ ಸ್ವರ ಏರುತ್ತೆ. 1954ರ ಜನವರಿಯಲ್ಲಿ ಥೆರೆಮಿನ್ ಕಟ್ಟೋದು ಹೇಗೆ ಅಂತ ಅವರು ಬರೆದ ಲೇಖನ ಒಂದು ರೇಡಿಯೋ ಪತ್ರಿಕೆಯಲ್ಲಿ ಬಂತು. ಆಗ ವಯಸ್ಸು 19. ನಾವು ಅದೇ ವಯಸ್ಸಿನಲ್ಲಿ ಇಂಟರ್ನಲ್ಸ್ ಹಿಂದಿನ ರಾತ್ರಿ ನೋಟ್ಸ್ ಝೆರಾಕ್ಸ್ ಹುಡುಕ್ತಾ ಇದ್ದೀವಿ, ಇರಲಿ ಬಿಡಿ. ಅದೇ ವರ್ಷ ಅಪ್ಪನ ಜೊತೆ ಸೇರಿ ಥೆರೆಮಿನ್ ಮಾರೋ ಪುಟ್ಟ ಕಂಪನಿಯನ್ನೂ ತೆರೆದರು.

ಆಮೇಲೆ ಭೌತಶಾಸ್ತ್ರದಲ್ಲೊಂದು ಡಿಗ್ರಿ, ಎಲೆಕ್ಟ್ರಿಕಲ್‌ನಲ್ಲೊಂದು ಡಿಗ್ರಿ, ಕಾರ್ನೆಲ್‌ನಲ್ಲಿ ಪಿಎಚ್‌ಡಿ. ಪಿಎಚ್‌ಡಿ ಮುಗಿಯೋಕೆ ಎಂಟು ವರ್ಷ ಬೇಕಾಯ್ತು, 1957ರಿಂದ 1965. ನಡುವೆ 1961ರಲ್ಲಿ ಟ್ರಾನ್ಸಿಸ್ಟರ್ ಥೆರೆಮಿನ್ ಕಿಟ್ ತಂದರು, ಬೆಲೆ 49.95 ಡಾಲರ್. ಬಾಡಿಗೆ ಮನೆಯಿಂದಲೇ ಸುಮಾರು ಸಾವಿರ ಕಿಟ್ ಹೋದವು. ಅಂದ್ರೆ ಇವರು ಮೊದಲು ಮಾರಿದ್ದು ಸಿದ್ಧ ವಾದ್ಯಕ್ಕಿಂತ ಹೆಚ್ಚಾಗಿ, ಕೊಂಡವರು ತಾವೇ ಬೆಸುಗೆ ಹಾಕಿ ಕಟ್ಟಿಕೊಳ್ಳೋ ಸಾಮಾನನ್ನ.

1963ರ ಕೊನೆಗೆ ಹರ್ಬರ್ಟ್ ಡಾಯ್ಚ್ ಅನ್ನೋ ಸಂಗೀತ ಮೇಷ್ಟ್ರು ಸಿಕ್ಕಿದರು. ಡಾಯ್ಚ್‌ಗೆ ಬೇಕಿದ್ದದ್ದು ಸದ್ದು ಕಾಲಕ್ಕೆ ತಕ್ಕ ಹಾಗೆ ಏರಬೇಕು, ಇಳೀಬೇಕು ಅನ್ನೋದು. 1964ರ ಬೇಸಿಗೆಯಲ್ಲಿ ಇಬ್ಬರೂ ಟ್ರುಮನ್ಸ್‌ಬರ್ಗ್ ಊರಲ್ಲಿ ಕೂತರು. ಮೋಗ್ ಅವರನ್ನ ಹಾರ್ಡ್‌ವೇರ್ ಅಂಗಡಿಗೆ ಕಳಿಸಿ ಡೋರ್‌ಬೆಲ್ ಬಟನ್ ತರಿಸಿದರಂತೆ. ಬಟನ್ ಒತ್ತಿದ್ರೆ ಕೆಪಾಸಿಟರ್ ಚಾರ್ಜ್, ಬಿಟ್ರೆ ಡಿಸ್ಚಾರ್ಜ್, ಆ ವೋಲ್ಟೇಜು ಆಂಪ್ಲಿಫೈಯರ್‌ನ ಗೇನ್ ಬದಲಿಸುತ್ತೆ. ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಓದಿದ ಆರ್‌ಸಿ ಸರ್ಕ್ಯೂಟೇ ಸಂಗೀತ ಆಯ್ತು!

ನಮಗೆ ಮೋಗ್ ಇಷ್ಟ ಆಗೋದು ಇಲ್ಲೇ. ಆಸಿಲೇಟರ್ ಆಗ್ಲೇ ಇತ್ತು, ಫಿಲ್ಟರ್ ಆಗ್ಲೇ ಇತ್ತು. ಅವೆಲ್ಲಕ್ಕೂ ತಿರುಗಿಸೋ ನಾಬ್ ಇತ್ತು. ಇವರು ಕೈ ಮಾಡೋ ಕೆಲಸವನ್ನ ವೋಲ್ಟೇಜಿಗೆ ಕೊಟ್ಟರು. ಒಂದು ವೋಲ್ಟ್ ಏರಿದ್ರೆ ಒಂದು ಆಕ್ಟೇವ್ ಏರಬೇಕು, ಅಂದ್ರೆ ಫ್ರೀಕ್ವೆನ್ಸಿ ಎರಡರಷ್ಟಾಗಬೇಕು. ಅದಕ್ಕೆ ಎಕ್ಸ್‌ಪೊನೆನ್ಷಿಯಲ್ ಸಂಬಂಧ ಬೇಕು, ಅದು ಟ್ರಾನ್ಸಿಸ್ಟರ್ ಒಳಗೇ ಇದೆ: ಬೇಸ್-ಎಮಿಟರ್ ವೋಲ್ಟೇಜು ಸುಮಾರು 18 ಮಿಲಿವೋಲ್ಟ್ ಏರಿದ್ರೆ ಕಲೆಕ್ಟರ್ ಕರೆಂಟ್ ಡಬಲ್. ಲ್ಯಾಬ್‌ನಲ್ಲಿ ಗ್ರಾಫ್ ಹಾಕಿ ಸೈನ್ ಮಾಡಿಸ್ಕೊಂಡು ಮರೆತುಬಿಡೋ ಅದೇ ವಕ್ರರೇಖೆ. ಲ್ಯಾಡರ್ ಫಿಲ್ಟರ್‌ನಲ್ಲೂ ಟ್ರಾನ್ಸಿಸ್ಟರ್ ಜೋಡಿಗಳನ್ನ ಏಣಿ ಥರ ಪೇರಿಸಿ, ನಡುವೆ ನಾಲ್ಕು ಕೆಪಾಸಿಟರ್ ಇಟ್ಟು, ಕರೆಂಟಿನಿಂದ ರೆಸಿಸ್ಟೆನ್ಸ್ ಬದಲಿಸೋದೇ ಉಪಾಯ. ಇದರ ಪೇಟೆಂಟ್ 1969ರಲ್ಲಿ ಬಂತು.

ಖ್ಯಾತಿ ಬಂದ ಬಗೆಯನ್ನ ಬೇಗ ಹೇಳಿ ಮುಗಿಸ್ತೀವಿ. 1968ರಲ್ಲಿ ವೆಂಡಿ ಕಾರ್ಲೋಸ್ ಮೋಗ್ ಮಾಡ್ಯುಲರ್‌ನಲ್ಲೇ ಬಾಖ್ ಸಂಗೀತ ನುಡಿಸಿದ ರೆಕಾರ್ಡ್ ಗೆದ್ದಿತು. 1969ರಲ್ಲಿ ಅಹಮದಾಬಾದಿನ ಎನ್‌ಐಡಿಗೂ ಒಂದು ಮೋಗ್ ಬಂತು. ನಮ್ಮ ದೇಶದವರೇ ಅದರಲ್ಲಿ ಸಂಗೀತ ಕಟ್ಟಿದರು. 1970ರಲ್ಲಿ ಹೊತ್ತುಕೊಂಡು ಹೋಗೋ ಮಿನಿಮೋಗ್.

ಆದ್ರೆ ದುಡ್ಡಿನ ಲೆಕ್ಕ ಇವರಿಗೆ ಯಾವತ್ತೂ ಒಲಿಯಲಿಲ್ಲ. ಸಾಲ ಏರಿತು, 1971ರಲ್ಲಿ ಕಂಪನಿ ಬೇರೆಯವರ ಕೈಗೆ ಹೋಯ್ತು, ಇವರು ತಮ್ಮ ಕಂಪನಿಯಲ್ಲೇ ನೌಕರರಾದರು. 1977ರಲ್ಲಿ ಹೊರಗೆ ಬಂದಾಗ ಹೆಸರೂ ಅಲ್ಲೇ ಉಳೀತು. ಅಪ್ಪ-ಅಮ್ಮ ಕೊಟ್ಟ ಹೆಸರನ್ನ ತಾವೇ ಮಾಡಿದ ಪೆಟ್ಟಿಗೆ ಮೇಲೆ ಬರೆಯೋ ಹಾಗಿಲ್ಲ! ನಾವಾಗಿದ್ರೆ ಸೋಲ್ಡರಿಂಗ್ ಐರನ್ ಬಿಸಾಕ್ತಿದ್ವೇನೋ. ಅವರು ನಾರ್ತ್ ಕೆರೊಲಿನಾಗೆ ಹೋಗಿ ಬಿಗ್ ಬ್ರಯರ್ ಅನ್ನೋ ಹೆಸರಲ್ಲಿ ಮತ್ತೆ ಥೆರೆಮಿನ್ ಕಟ್ಟಿದರು. ಶುರು ಮಾಡಿದ್ದಲ್ಲಿಗೇ ವಾಪಸ್.

ಅಲ್ಲಿಂದಲೇ 1998ರಲ್ಲಿ ಬಂದವು ಮೋಗರ್‌ಫೂಗರ್ ಪೆಡಲ್‌ಗಳು. ನೋಡೋಕೆ ಗಿಟಾರ್ ಎಫೆಕ್ಟ್, ಆದ್ರೆ ಕಾಲಿನ ಪೆಡಲ್ ಚುಚ್ಚೋ ಜ್ಯಾಕ್‌ಗೆ ಹೊರಗಿನ ಕಂಟ್ರೋಲ್ ವೋಲ್ಟೇಜೂ ಕೊಡಬಹುದು. ಎಫೆಕ್ಟ್ ಮತ್ತು ಮಾಡ್ಯುಲರ್ ನಡುವಿನ ಗೋಡೆಯನ್ನ ಇವರೇ ಒಡೆದರು ಅಂತ ನಮ್ಮ ಅಭಿಪ್ರಾಯ.

ಅದೇ ಕೆಲಸವನ್ನ ನಮ್ಮ ಹಾಸ್ಟೆಲ್ ಟೇಬಲ್ ಮೇಲೂ ಮಾಡಬಹುದು. ಪೆಡಲ್ ಸರ್ಕ್ಯೂಟ್ ಓಡೋದು 9 ವೋಲ್ಟಿನಲ್ಲಿ, ಅದು ಕಾಯೋದು ಗಿಟಾರಿನ ಸಣ್ಣ ಸಿಗ್ನಲ್‌ಗೆ. ಯೂರೋರ‍್ಯಾಕ್ ಮಾಡ್ಯುಲರ್ ಓಡೋದು ಪ್ಲಸ್-ಮೈನಸ್ 12ರಲ್ಲಿ, ಸಿಗ್ನಲ್ ಪೀಕ್-ಟು-ಪೀಕ್ 10 ವೋಲ್ಟಿನ ಆಸುಪಾಸು. ನೇರ ಜೋಡಿಸಿದ್ರೆ ಎಲ್ಲಾ ಕ್ಲಿಪ್ ಆಗಿ ಬರೀ ಗರ್ ಅನ್ನುತ್ತೆ. 12ರಿಂದ 9ಕ್ಕೆ ಒಂದು 7809 ಸಾಕು. ಒಳಗೆ ಬರೋ ದಾರಿಯಲ್ಲಿ 100ಕೆ ಮತ್ತು 10ಕೆ ಡಿವೈಡರ್ ಹಾಕಿದ್ರೆ ಸಿಗ್ನಲ್ ಹನ್ನೊಂದನೇ ಒಂದು ಭಾಗ ಆಗುತ್ತೆ. ಹೊರಗೆ ಹೋಗೋ ಕಡೆ ಅದೇ ಎರಡು ಬೆಲೆಗಳನ್ನ ಟಿಎಲ್072ರ ನಾನ್-ಇನ್ವರ್ಟಿಂಗ್ ಫೀಡ್‌ಬ್ಯಾಕ್‌ನಲ್ಲಿ ಇಟ್ರೆ ಹನ್ನೊಂದರಷ್ಟು ಗೇನ್, ಲೆಕ್ಕ ಸರಿಹೋಯ್ತು. ಕೊನೆಗೆ ನಾಬ್: ಪೊಟೆನ್ಷಿಯೋಮೀಟರ್ ಜಾಗದಲ್ಲಿ ಒಂದು ಎಲ್‌ಡಿಆರ್, ಅದಕ್ಕೆ ಎದುರಾಗಿ ಒಂದು ಎಲ್‌ಇಡಿ, ಎರಡನ್ನೂ ಬೆಳಕು ನುಗ್ಗದ ಹಾಗೆ ಕಪ್ಪು ಟೇಪಿನಲ್ಲಿ ಸುತ್ತಬೇಕು. ವೋಲ್ಟೇಜು ಏರಿದ್ರೆ ಬೆಳಕು ಏರುತ್ತೆ, ರೆಸಿಸ್ಟೆನ್ಸ್ ಇಳಿಯುತ್ತೆ. ಪಿಟಿ2399 ಎಕೋ ಚಿಪ್‌ನ ಆರನೇ ಪಿನ್‌ಗೆ ಇದನ್ನ ಕೊಟ್ರೆ ಎಕೋದ ಅಂತರ ತಾನಾಗೇ ಹಿಗ್ಗುತ್ತೆ, ಕುಗ್ಗುತ್ತೆ.

ಮೋಗ್ ಅವರಿಗೆ ತಮ್ಮ ಹೆಸರಿನ ಹಕ್ಕು ವಾಪಸ್ ಸಿಕ್ಕಿದ್ದು 2002ರಲ್ಲಿ, ಇಪ್ಪತ್ತೈದು ವರ್ಷ ಆದಮೇಲೆ. ಆ ಹೆಸರಿನ ಪೆಟ್ಟಿಗೆಗಳನ್ನ ಮತ್ತೆ ಕಟ್ಟೋಕೆ ಸಿಕ್ಕಿದ್ದು ಮೂರೇ ವರ್ಷ. 2005ರ ಆಗಸ್ಟ್ 21ರಂದು ಆಶ್‌ವಿಲ್‌ನಲ್ಲಿ ಮಿದುಳಿನ ಗೆಡ್ಡೆಯಿಂದ ತೀರಿಕೊಂಡರು. ನಾವಿನ್ನೂ ಹುಟ್ಟಿರಲಿಲ್ಲ. ಏಣಿ ಫಿಲ್ಟರಿನ ಪೇಟೆಂಟ್ ಅವಧಿ ಅದಕ್ಕೂ ಎಷ್ಟೋ ಮೊದಲೇ ಮುಗಿದಿತ್ತು. ಈಗ ಅದನ್ನ ಯಾರು ಬೇಕಾದ್ರೂ ಕಟ್ಟಬಹುದು. ಲ್ಯಾಬ್ ಡ್ರಾಯರ್‌ನಲ್ಲಿ ಬಿದ್ದಿರೋ ಬಿಸಿ547ಗಳನ್ನ ಒಂದಕ್ಕೊಂದು ಹೊಂದೋ ಹಾಗೆ ಜೋಡಿ ಜೋಡಿಯಾಗಿ ಆರಿಸ್ಕೊಂಡ್ರೆ ಆಯ್ತು.