ಬರಿಗಾಲಲ್ಲಿ ಕನ್ನಡ ಕರಾವಳಿಯನ್ನು ನಡೆದ ಸಂತ ಜೋಸೆಫ್ ವಾಜ್

ಡಿಸೆಂಬರ್ 3 ಬಂತೆಂದರೆ ಬೆಳಗಾವಿ ಸೀಮೆಯ ಕ್ರೈಸ್ತ ಬಾಂಧವರು ಸಂತ ಫ್ರಾನ್ಸಿಸ್ ಜೇವಿಯರರ ದರ್ಶನಕ್ಕೆಂದು ಹಳೆ ಗೋವೆಗೆ ಹೊರಡುವುದು ರೂಢಿ. ಅಲ್ಲಿಯ ಗುಡ್ಡದ ಮೇಲೆ ಪಾಳುಬಿದ್ದ ಇನ್ನೊಂದು ದೇವಾಲಯವಿರುವುದು ಅವರಲ್ಲಿ ಬಹಳ ಮಂದಿಗೆ ತಿಳಿಯದು. ಅದ್ಭುತಗಳ ಪವಿತ್ರ ಶಿಲುಬೆಯ ಆ ದೇವಾಲಯದಲ್ಲಿ ಬಾಳಿದವರೊಬ್ಬರು ಪರದೇಶದಿಂದ ಬಂದವರಲ್ಲ. ಈ ಮಣ್ಣಿನಲ್ಲೇ ಹುಟ್ಟಿ ಕೊಂಕಣಿಯಲ್ಲಿ ಪ್ರಾರ್ಥಿಸಿದವರು. ಅವರ ಹಬ್ಬ ಜನವರಿ 16ರಂದು, ನಮ್ಮ ಮನೆಗಳಲ್ಲಿ ಸಂಕ್ರಾಂತಿಯ ಕುಸುರೆಳ್ಳು ಇನ್ನೂ ಮುಗಿಯದಿರುವಾಗಲೇ ಬರುತ್ತದೆ. ಅಂಕಲಗಿ, ಗೋಕಾಕದ ಕಡೆಯ ನಮಗೆ ಈ ಸಂತರು ಅಪರಿಚಿತರಾಗಿ ಉಳಿದಿರುವುದು ವಿಷಾದದ ಸಂಗತಿ.

ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾವೋ ವಾಜ್ ಸಾಂಕ್ವಾಳದವರು, ತಾಯಿ ಮರಿಯ ದ ಮಿರಾಂದ. ಗೋವೆಯ ಯೇಸುಸಭೆಯವರ ಕಾಲೇಜಿನಲ್ಲಿಯೂ, ಡೊಮಿನಿಕನ್ ಗುರುಗಳ ಸಂತ ಥಾಮಸ್ ಅಕ್ವಿನಾಸ್ ವಿದ್ಯಾಪೀಠದಲ್ಲಿಯೂ ವ್ಯಾಸಂಗ ಮಾಡಿ 1676ರಲ್ಲಿ ಗುರುದೀಕ್ಷೆ ಪಡೆದರು. ಅಂದಿನಿಂದ ಅವರು ಬಡವರಂತೆ ಬರಿಗಾಲಲ್ಲಿ ನಡೆಯತೊಡಗಿದರು. ಮರುವರ್ಷ ಆಗಸ್ಟ್ 5ರಂದು ಸಾಂಕ್ವಾಳದ ಆರೋಗ್ಯ ಮಾತೆಯ ದೇವಾಲಯದಲ್ಲಿ ಪತ್ರವೊಂದನ್ನು ಬರೆದು, ತಾವು ಮರಿಯಮ್ಮನವರ ಶಾಶ್ವತ ದಾಸರೆಂದು ಸಹಿ ಹಾಕಿದರು.

ಈ ದಾಸ್ಯಪತ್ರದ ಬಳಿ ನಾವು ಕ್ಷಣಕಾಲ ನಿಲ್ಲಬೇಕು. ಮನುಷ್ಯರನ್ನು ಸಂತೆಯ ಸರಕಿನಂತೆ ಕೊಂಡು ಮಾರುತ್ತಿದ್ದ ಕಾಲವದು. ದಾಸನೆಂಬ ಪದ ಅಂದು ಅಲಂಕಾರದ ಮಾತಾಗಿರಲಿಲ್ಲ. ಇಚ್ಛೆಗೆ ಬಂದದ್ದನ್ನು ಮಾಡುವುದೇ ಸ್ವಾತಂತ್ರ್ಯವೆಂದು ಸಾಮಾನ್ಯರ ಭಾವನೆ. ಒಳಿತಿನಲ್ಲಿ ನೆಲೆನಿಂತ ಇಚ್ಛೆಯೇ ನಿಜವಾಗಿ ಸ್ವತಂತ್ರವಾದುದೆಂಬುದು ಅಕ್ವಿನಾಸರ ಪರಂಪರೆಯ ನಿಲುವು. ಗುರುಮಠದಲ್ಲಿ ಈ ತತ್ವವನ್ನು ಓದಿ ಪರೀಕ್ಷೆ ಬರೆಯುವುದು ಸುಲಭ. ವಾಜ್ ಗುರುಗಳಾದರೋ ಕೆಲವೇ ವರ್ಷಗಳಲ್ಲಿ ಕೆನರಾ ಸೀಮೆಯಲ್ಲಿ ಸೆರೆಯಾಳುಗಳಾಗಿದ್ದ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸಿದರು. ತನ್ನನ್ನು ದಾಸನೆಂದು ಬರೆದುಕೊಟ್ಟವನೇ ಪರರ ದಾಸ್ಯವನ್ನು ಕೊನೆಗಾಣಿಸಿದ.

1681ರಲ್ಲಿ ಅವರನ್ನು ಕೆನರಾ ಧರ್ಮಪ್ರಚಾರದ ಮುಖ್ಯಸ್ಥರನ್ನಾಗಿ ಕಳುಹಿಸಲಾಯಿತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಗಂಗೊಳ್ಳಿ ಮೊದಲಾದ ಪೋರ್ಚುಗೀಸ್ ಕೋಟೆಗಳನ್ನು ಗೆದ್ದುಕೊಂಡಿದ್ದ. ವಾಜ್ ಗುರುಗಳು ಬಂದಾಗ ಆಳುತ್ತಿದ್ದವಳು ರಾಣಿ ಚೆನ್ನಮ್ಮ. ನಮ್ಮ ಕಿತ್ತೂರ ಚೆನ್ನಮ್ಮನಲ್ಲ. ಆಕೆಗಿಂತ ನೂರು ವರ್ಷಕ್ಕೂ ಹಿಂದಿನ ಕೆಳದಿಯ ಚೆನ್ನಮ್ಮ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ವೀರರಾಣಿ. ಗೋವೆಯಿಂದ ವಲಸೆ ಬಂದ ಕ್ರೈಸ್ತರು ಆಕೆಯ ರಾಜ್ಯದಲ್ಲಿ ಚದುರಿಹೋಗಿದ್ದರು. ಗುರುಗಳ ಮುಖವನ್ನು ವರ್ಷಗಟ್ಟಲೆ ಕಾಣದ ಕುಟುಂಬಗಳಿದ್ದವು.

ಅದಕ್ಕಿಂತ ದೊಡ್ಡ ಸಂಕಟವೆಂದರೆ ಒಳಜಗಳ. ಪೂರ್ವದೇಶದ ಧರ್ಮಸಭೆಯ ಮೇಲೆ ಪೋರ್ಚುಗಲ್ ಅರಸನಿಗೆ ಹಿಂದಿನಿಂದಲೂ ಬಂದಿದ್ದ ಹಕ್ಕೊಂದು ಕಡೆ. 1622ರಲ್ಲಿ ರೋಮಾಪುರಿಯಲ್ಲಿ ಸ್ಥಾಪನೆಯಾದ ಧರ್ಮಪ್ರಚಾರ ಮಂಡಳಿ ನೇಮಿಸಿದ ಧರ್ಮಾಧ್ಯಕ್ಷ ತೊಮಾಸ್ ದ ಕಾಸ್ತ್ರೊ ಅವರು ಇನ್ನೊಂದು ಕಡೆ. ಅವರೂ ಗೋವೆಯವರೇ. ಯಾರ ಕೈಯ ಸಂಸ್ಕಾರ ಸಿಂಧು, ಯಾರದು ಅಸಿಂಧು ಎಂದು ಜನ ಇಬ್ಭಾಗವಾಗಿದ್ದರು. ವಾಜ್ ಗುರುಗಳು ಗೋವೆಯ ಮಹಾಧರ್ಮಾಧ್ಯಕ್ಷರ ಪರವಾಗಿ ಬಂದವರಾದರೂ ಎದುರು ಪಕ್ಷದ ಧರ್ಮಾಧ್ಯಕ್ಷರನ್ನು ತಾವೇ ಹೋಗಿ ಕಂಡರು, ಹೊಂದಾಣಿಕೆಗೆ ಯತ್ನಿಸಿದರು, ಜನರ ಮನಸ್ಸಿನ ಶಂಕೆಯನ್ನು ಕಳೆಯಲು ಶ್ರಮಿಸಿದರು. ಜಗಳ ಅವರ ಕಾಲಕ್ಕೆ ಪೂರ್ತಿ ತೀರಲಿಲ್ಲ. ಬಲಿಪೂಜೆಯ ಭಾಷೆ ಯಾವುದಿರಬೇಕೆಂದು ಕರ್ನಾಟಕದ ಧರ್ಮಸಭೆಯಲ್ಲಿ ದಶಕಗಳ ಕಾಲ ನಡೆದ ಕಲಹವನ್ನು ಬಲ್ಲವರು ಈ ಭಾಗವನ್ನು ಎರಡು ಬಾರಿ ಓದಬೇಕೆಂದು ನಮ್ಮ ಬಿನ್ನಹ.

ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಅವರ ನೆನಪು ಇಂದಿಗೂ ಹಸಿರು. ರೋಗಿಗೆ ಅಭ್ಯಂಗ ನೀಡಬೇಕೆಂದು ಸುಳ್ಳು ಹೇಳಿ ರಾತ್ರಿ ಗುಡ್ಡಕ್ಕೆ ಕರೆದೊಯ್ದು ಕೊಲ್ಲಲು ಬಂದವರ ಮುಂದೆ ದಿವ್ಯ ಬೆಳಕೊಂದು ಕಾಣಿಸಿತು, ಅವರು ಮೊಣಕಾಲೂರಿದೆಡೆ ನೀರು ಚಿಮ್ಮಿತು ಎಂಬ ಐತಿಹ್ಯವಿರುವ ಮುಡಿಪು ಕ್ಷೇತ್ರಕ್ಕೆ ಯಾತ್ರಿಕರು ಹೋಗುತ್ತಾರೆ.

1684ರಲ್ಲಿ ಗೋವೆಗೆ ಮರಳಿದ ಅವರು, ಮರುವರ್ಷ ನಾವು ಆರಂಭದಲ್ಲಿ ಹೇಳಿದ ಗುಡ್ಡದ ದೇವಾಲಯವನ್ನು ಸೇರಿದರು. ಯೂರೋಪಿನ ಸನ್ಯಾಸ ಸಭೆಗಳು ದೇಶೀಯ ಗುರುಗಳಿಗೆ ಬಹುತೇಕ ಬಾಗಿಲು ಮುಚ್ಚಿದ್ದ ಕಾಲವದು. ಕೆಲವು ದೇಶೀಯ ಗುರುಗಳು ಅಲ್ಲಿ ಕೂಡಿ ಬಾಳುತ್ತಿದ್ದರು. ವಾಜ್ ಗುರುಗಳ ಮುಂದಾಳುತನದಲ್ಲಿ ಅದು 1685ರಲ್ಲಿ ಸಂತ ಫಿಲಿಪ್ ನೇರಿಯವರ ಮಾದರಿಯ ಒರೇಟರಿ ಸಂಘವಾಯಿತು. ಕೀಳಾಗಿ ಕಂಡವರೊಡನೆ ವಾದಕ್ಕಿಳಿಯದೆ, ದೇಶೀಯರಿಂದಲೂ ಇದು ಸಾಧ್ಯವೆಂದು ಅವರು ಮಾಡಿ ತೋರಿಸಿದರು.

ಆದರೆ ಅವರ ಮನಸ್ಸು ಸಿಂಹಳದಲ್ಲಿತ್ತು. 1658ರಲ್ಲಿ ಪೋರ್ಚುಗೀಸರನ್ನು ಹೊರಹಾಕಿದ ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. 1686ರಲ್ಲಿ ಗೋವೆಯನ್ನು ಬಿಟ್ಟು, ಕರಾವಳಿಯ ಹಾದಿ ಹಿಡಿದು, ತಮಿಳು ಕಲಿತು, ಮರುವರ್ಷ ತೂತುಕುಡಿಯಿಂದ ಕೂಲಿಯಾಳಿನ ವೇಷದಲ್ಲಿ ಹಡಗು ಹತ್ತಿದರು. ಜಾಫ್ನಾ ತಲುಪುವ ಹೊತ್ತಿಗೆ ಆಮಶಂಕೆಯಿಂದ ಸಾಯುವ ಸ್ಥಿತಿ. ಚೇತರಿಸಿಕೊಂಡ ಮೇಲೆ ಕೊರಳಲ್ಲಿ ದೊಡ್ಡ ಜಪಸರವನ್ನು ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡು ಯಾರ ಕಣ್ಣು ಹೊಳೆಯುತ್ತಿತ್ತೋ ಅವರು ಕ್ರೈಸ್ತರೆಂದು ತಿಳಿಯಬೇಕಾಗಿತ್ತು. ಮೂವತ್ತು ವರ್ಷ ಗುರುವಿಲ್ಲದೆಯೂ ನಂಬಿಕೆ ಆರಿರಲಿಲ್ಲ.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂಬ ಅಪವಾದದ ಮೇಲೆ ಸೆರೆಮನೆ ಪಾಲಾದರು. ಮುಂದೆ ಭೀಕರ ಬರಗಾಲದಲ್ಲಿ ಅವರ ಪ್ರಾರ್ಥನೆಯ ಫಲವಾಗಿ ಮಳೆ ಸುರಿಯಿತೆಂದೂ, ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರಿಗೆ ಮುಕ್ತವಾಗಿ ಸಂಚರಿಸುವ ಅನುಮತಿ ಇತ್ತನೆಂದೂ ಚರಿತ್ರೆಕಾರರು ಬರೆದಿದ್ದಾರೆ. 1697ರಲ್ಲಿ ಸಿಡುಬು ಹರಡಿದಾಗ ಅನುಕೂಲಸ್ಥರು ಊರು ತೊರೆದರು. ಮನೆಯವರೇ ಬಿಟ್ಟುಹೋದ ರೋಗಿಗಳನ್ನು ವಾಜ್ ಗುರುಗಳೂ ಅವರ ಬಂಧು ಜೋಸೆಫ್ ದ ಕಾರ್ವಾಲೊ ಗುರುಗಳೂ ಜಾತಿಮತ ನೋಡದೆ ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು. ನಮ್ಮ ದೃಷ್ಟಿಯಲ್ಲಿ ಮಳೆಯ ಅದ್ಭುತಕ್ಕಿಂತ ಇದು ಹಿರಿದು.

ಧರ್ಮಾಧ್ಯಕ್ಷ ಪದವಿ ಅರಸಿಕೊಂಡು ಬಂದಾಗ ಅವರು ನಿರಾಕರಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಅವರ ಸಮಾಧಿಯ ಗುರುತು ಇಂದು ಉಳಿದಿಲ್ಲ. 1995ರ ಜನವರಿ 21ರಂದು ಜಗದ್ಗುರು ಎರಡನೇ ಜಾನ್ ಪಾಲರು ಕೊಲಂಬೊದಲ್ಲಿ ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು.

ವರ್ಷಕ್ಕೊಮ್ಮೆ ಮಾತ್ರ ತಲುಪಲಾಗುತ್ತಿದ್ದ ಹಳ್ಳಿಗಳಲ್ಲಿ ಅವರು ಹಿರಿಯರೊಬ್ಬರನ್ನು ಪ್ರಾರ್ಥನೆಯ ಮುಂದಾಳುವಾಗಿ ನೇಮಿಸುತ್ತಿದ್ದರು. ಭಾನುವಾರ ಜನರನ್ನು ಕೂಡಿಸುವುದು, ಮಕ್ಕಳಿಗೆ ಜಪ ಕಲಿಸುವುದು, ಸಾಯುವವರ ಬಳಿ ಕೂರುವುದು ಆ ಹಿರಿಯರ ಹೊಣೆ. ನಮ್ಮ ಕಡೆಯಲ್ಲೂ ಒಬ್ಬ ಗುರುವಿನ ಪಾಲಿಗೆ ಊರುಗಳು ಹಲವು, ಒಂದೊಂದರಲ್ಲಿ ಕ್ರೈಸ್ತ ಮನೆಗಳು ಕೆಲವೇ. ಪೋರ್ಚುಗೀಸ್ ಸರ್ಕಾರವು ಧಾರ್ಮಿಕ ಸಂಘಗಳನ್ನು ರದ್ದುಗೊಳಿಸಿದಾಗ, 1835ರಲ್ಲಿ ಗೋವೆಯ ಒರೇಟರಿ ಮುಚ್ಚಿಹೋಯಿತು. ಸಿಂಹಳದ ಹಳ್ಳಿಗಳಲ್ಲಿ ಆ ಹಿರಿಯರು ಭಾನುವಾರದ ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ.