ಮೊಳಕೆಯನ್ನು ತೆರೆಗೆ ತಂದವರು

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ಬಯಲಿನಲ್ಲಿ, ಭದ್ರಾ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ನಡೆದುಹೋಗುವವರಿಗೆ ಬತ್ತದ ಸಸಿಮಡಿಗಳ ನೋಟ ಹೊಸದೇನಲ್ಲ. ನೆನೆಹಾಕಿ ಮೊಳಕೆ ಬರಿಸಿದ ಬೀಜವನ್ನು ಚೆಲ್ಲಿದ ದಿನ ಅಲ್ಲಿ ಕೆಸರಲ್ಲದೆ ಬೇರೇನೂ ಕಾಣದು. ನಾಲ್ಕಾರು ದಿನ ಕಳೆದು ನೋಡಿದರೆ ಹಸುರಿನ ತೆಳುವಾದ ಹೊದಿಕೆ. ಕೆಲವು ವಾರಗಳಾಗುವಷ್ಟರಲ್ಲಿ ಕಿತ್ತು ನಾಟಿಮಾಡಲು ಸಿದ್ಧವಾದ ಸಸಿ. ಬೆಳೆದುದನ್ನು ಎಲ್ಲರೂ ಕಂಡಿದ್ದಾರೆ. ಬೆಳೆಯುತ್ತಿರುವುದನ್ನು ಕಂಡವರು ಯಾರು? ಬದುವಿನ ಮೇಲೆ ಹಗಲಿರುಳು ಕಣ್ಣಿಟ್ಟು ಕುಳಿತರೂ ಸಸಿ ಬೆಳೆಯುವುದು ಮನುಷ್ಯನ ಕಣ್ಣಿಗೆ ಕಾಣುವುದಿಲ್ಲ. ಪ್ರಕೃತಿಯ ನಡೆ ಅಷ್ಟು ಮೆಲ್ಲನೆಯದು. ನಮ್ಮ ನೋಟದ ತಾಳ್ಮೆ ಅಷ್ಟು ಕಿರಿದು.

ಕಾಣದ ಈ ನಡೆಯನ್ನು ಕಾಣಿಸಲು ಹೊರಟ ಗೃಹಸ್ಥರೊಬ್ಬರು ೧೯೧೨ರಲ್ಲಿ ಮುಂಬಯಿಯಲ್ಲಿದ್ದರು. ವಯಸ್ಸು ನಾಲ್ವತ್ತೆರಡು. ಕೈಯಲ್ಲಿ ಕಾಸಿಲ್ಲ. ಕೆಲಕಾಲ ಮಂಜಾಗಿದ್ದ ಕಣ್ಣುಗಳು ಆಗತಾನೆ ಚೇತರಿಸಿಕೊಂಡಿದ್ದವು. ಅವರು ಒಂದು ಕುಂಡದಲ್ಲಿ ಬಟಾಣಿ ಕಾಳನ್ನು ನೆಟ್ಟು, ಅದರೆದುರಿಗೆ ಕ್ಯಾಮರಾವನ್ನು ಕದಲದಂತೆ ನಿಲ್ಲಿಸಿ, ಒಂದು ತಿಂಗಳಿಗೂ ಮಿಕ್ಕು ಬಿಟ್ಟುಬಿಟ್ಟು ಚಿತ್ರ ತೆಗೆಯುತ್ತ ಹೋದರು. ಕೊನೆಗೆ ಅದನ್ನು ತೆರೆಯ ಮೇಲೆ ಬಿಟ್ಟಾಗ ಕಾಳು ಒಡೆದು, ಮೊಳಕೆ ಮಣ್ಣನ್ನು ಸೀಳಿ ಮೇಲೆದ್ದು, ಬಳ್ಳಿಯಾಗಿ ಹಬ್ಬಿದ್ದು ಸುಮಾರು ಒಂದು ನಿಮಿಷದ ಅವಧಿಯಲ್ಲಿ. ಆ ಗೃಹಸ್ಥರೇ ಧುಂಡಿರಾಜ ಗೋವಿಂದ ಫಾಲ್ಕೆ, ದಾದಾಸಾಹೇಬ್ ಫಾಲ್ಕೆ ಎಂದು ಭಾರತವೆಲ್ಲ ಬಲ್ಲ ಚಲಚ್ಚಿತ್ರ ಪಿತಾಮಹರು. ಅವರ ‘ರಾಜಾ ಹರಿಶ್ಚಂದ್ರ’ದ ಹೆಸರನ್ನು ಕೇಳದವರಿಲ್ಲ. ಆದರೆ ಹರಿಶ್ಚಂದ್ರನಿಗಿಂತ ಮೊದಲು ಒಂದು ಬಟಾಣಿ ಕಾಳು ಅವರ ಕಥಾನಾಯಕನಾಗಿತ್ತೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

೧೯೧೨ ಎಂಬುದು ಚಲಚ್ಚಿತ್ರದ ಒಂದು ವಿಶಿಷ್ಟ ಶಾಖೆಯ ಚರಿತ್ರೆಯಲ್ಲಿ ನೆನೆಯತಕ್ಕ ವರ್ಷ. ಇಂದು ಅನಿಮೇಷನ್ ಎಂದು ನಾವು ಕರೆಯುವ ಕಲೆ ಆಗ ಇನ್ನೂ ತೊಟ್ಟಿಲಲ್ಲಿತ್ತು. ಅದೇ ವರ್ಷ ಅಮೆರಿಕದ ವಿನ್ಸರ್ ಮೆಕೇ ಎಂಬ ವ್ಯಂಗ್ಯಚಿತ್ರಕಾರರು ಸುಮಾರು ೬,೦೦೦ ರೇಖಾಚಿತ್ರಗಳನ್ನು ಕೈಯಿಂದಲೇ ಬರೆದು, ನಿದ್ರಿಸುತ್ತಿರುವ ಮನುಷ್ಯನ ರಕ್ತ ಹೀರುವ ಸೊಳ್ಳೆಯೊಂದನ್ನು ತೆರೆಯ ಮೇಲೆ ಹಾರಿಸಿದರು. ಅದೇ ವರ್ಷ ಮಾಸ್ಕೋದಲ್ಲಿ ವ್ಲಾಡಿಸ್ಲಾವ್ ಸ್ಟಾರೆವಿಚ್ ಎಂಬವರು ಸತ್ತ ಕೀಟಗಳ ಕಾಲುಗಳಿಗೆ ತಂತಿ ಜೋಡಿಸಿ, ಅವುಗಳಿಂದ ಒಂದು ದಾಂಪತ್ಯ ಪ್ರಹಸನವನ್ನೇ ಆಡಿಸಿದರು. ಮೂವರ ಉಪಾಯವೂ ಮೂಲದಲ್ಲಿ ಒಂದೇ. ಒಂದು ಬಿಡಿಚಿತ್ರ; ನಿಲುಗಡೆ; ಕೊಂಚ ಬದಲಾವಣೆ; ಮತ್ತೊಂದು ಬಿಡಿಚಿತ್ರ. ಮೂಕಚಿತ್ರಗಳ ಕಾಲದಲ್ಲಿ ಸೆಕೆಂಡಿಗೆ ಸುಮಾರು ಹದಿನಾರು ಬಿಡಿಚಿತ್ರಗಳು ಕಣ್ಣಮುಂದೆ ಹಾಯುತ್ತಿದ್ದವು. ಎಂದರೆ, ಒಂದು ನಿಮಿಷದ ನೋಟಕ್ಕೆ ೯೬೦ ಚಿತ್ರಗಳು ಬೇಕು. ಮೆಕೇ ಮತ್ತು ಸ್ಟಾರೆವಿಚ್ ಚಲಿಸದ ವಸ್ತುವಿಗೆ ಚಲನೆಯನ್ನು ಕೊಟ್ಟರು. ಫಾಲ್ಕೆಯವರಾದರೋ ಚಲನೆ ಇದ್ದೂ ನಮಗೆ ಕಾಣದ ವಸ್ತುವಿನ ಚಲನೆಯನ್ನು ತೋರಿಸಿದರು. ಶಾಸ್ತ್ರವನ್ನು ಕಟ್ಟುನಿಟ್ಟಾಗಿ ಹಿಡಿಯುವವರು ಇವೆರಡನ್ನು ಬೇರೆಬೇರೆಯಾಗಿ ಎಣಿಸಬಹುದು. ಆದರೂ ಇವು ಒಂದೇ ಬಸಿರಿನ ಮಕ್ಕಳು.

ಅಂಥ ತಾಳ್ಮೆಯನ್ನು ಫಾಲ್ಕೆಯವರು ಎಲ್ಲಿಂದ ತಂದರೆಂಬುದನ್ನು ತಿಳಿಯಬೇಕಾದರೆ ಅವರ ಹಿಂದಿನ ಬಾಳನ್ನು ನೋಡಬೇಕು. ಅವರು ಹುಟ್ಟಿದ್ದು ೧೮೭೦ರ ಏಪ್ರಿಲ್ ೩೦ರಂದು, ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ಮಗನ ಒಲವು ಕುಂಚದ ಕಡೆಗೆ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ಬರೋಡೆಯ ಕಲಾಭವನದಲ್ಲಿಯೂ ಚಿತ್ರಕಲೆ, ಶಿಲ್ಪ, ಛಾಯಾಗ್ರಹಣಗಳನ್ನು ಕಲಿತ ಬಳಿಕ, ಗೋಧ್ರಾದಲ್ಲಿ ಛಾಯಾಚಿತ್ರದ ಅಂಗಡಿಯನ್ನು ತೆರೆದರು. ಅಲ್ಲಿಗೆ ಪ್ಲೇಗು ಬಂದಿತು. ಅದು ಅವರ ಪತ್ನಿಯನ್ನೂ ಮಗುವನ್ನೂ ಕೊಂಡೊಯ್ದಿತು. ಬದುಕಿನ ಮೊದಲ ಅಧ್ಯಾಯ ಹಾಗೆ ಮುಗಿಯಿತು.

ಆಮೇಲಿನ ವರ್ಷಗಳಲ್ಲಿ ಅವರು ಹಿಡಿಯದ ಕಸುಬಿಲ್ಲ. ಜಾದೂಗಾರಿಕೆಯನ್ನು ಕಲಿತರು, ಕಣ್ಣುಕಟ್ಟಿನ ಮೋಹ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಸರ್ಕಾರದ ಪ್ರಾಚ್ಯವಸ್ತು ಇಲಾಖೆಯಲ್ಲಿ ನಕಾಶೆ ಬರೆಯುವ ಕೆಲಸಕ್ಕೆ ಸೇರಿದರು. ಸ್ವದೇಶಿ ಚಳವಳಿಯ ಗಾಳಿ ಬೀಸಿದಾಗ ಅದನ್ನೂ ಬಿಟ್ಟು ಮುದ್ರಣಾಲಯ ಹೂಡಿದರು. ರವಿವರ್ಮನ ದೇವದೇವಿಯರು ಅಚ್ಚಾಗಿ ಮನೆಮನೆಯ ಗೋಡೆಗೆ ಬಂದ ಕಾಲ ಅದು. ನಮ್ಮ ಹಳೆಯ ಮನೆಗಳ ಪಡಸಾಲೆಗಳಲ್ಲಿ ಆ ಲಕ್ಷ್ಮಿ ಸರಸ್ವತಿಯರು ಇಂದಿಗೂ ಇದ್ದಾರೆ. ಆ ಬಗೆಯ ವರ್ಣಮುದ್ರಣದಲ್ಲಿ ಫಾಲ್ಕೆಯವರು ಪಳಗಿದರು. ಅದರ ಯಂತ್ರಗಳಿಗಾಗಿ ೧೯೦೯ರಲ್ಲಿ ಜರ್ಮನಿಗೂ ಹೋಗಿಬಂದರು. ಆದರೆ ಪಾಲುದಾರರೊಡನೆ ಮನಸ್ತಾಪವುಂಟಾಯಿತು. ತಾವೇ ಬೆಳೆಸಿದ ಮುದ್ರಣಾಲಯದಿಂದ ಬರಿಗೈಯಲ್ಲಿ ಹೊರಗೆ ಬಂದರು.

ಹೀಗೆ ದಿಕ್ಕುಗೆಟ್ಟಿದ್ದ ದಿನಗಳಲ್ಲಿ, ೧೯೧೧ರ ಸುಮಾರಿಗೆ, ಮುಂಬಯಿಯ ಒಂದು ಡೇರೆಯಲ್ಲಿ ಅವರು ಕ್ರಿಸ್ತನ ಜೀವನವನ್ನು ಕುರಿತ ಚಿತ್ರವನ್ನು ನೋಡಿದರು. ತೆರೆಯ ಮೇಲೆ ಕ್ರಿಸ್ತನು ನಡೆಯುತ್ತಿದ್ದರೆ ಅವರ ಮನಸ್ಸಿನಲ್ಲಿ ರಾಮಕೃಷ್ಣರು ನಡೆಯತೊಡಗಿದರು. ನಮ್ಮ ಕಥೆಗಳನ್ನು ನಾವೇ ಹೀಗೆ ತೋರಿಸಬೇಕೆಂಬ ಹಂಬಲ ಅಂದು ಹಿಡಿದದ್ದು ಮತ್ತೆ ಬಿಡಲಿಲ್ಲ. ದಿನವೂ ಸಂಜೆ ಗಂಟೆಗಟ್ಟಲೆ ಚಿತ್ರಗಳನ್ನು ನೋಡಿದರು. ಇರುಳೆಲ್ಲ ಅದೇ ಯೋಚನೆ, ಅದೇ ಪ್ರಯೋಗ. ನಿದ್ದೆಗೆಟ್ಟ ಕಣ್ಣುಗಳು ಸೋತವು. ದೃಷ್ಟಿಯೇ ಹೋಗುವಂತಾಗಿ, ಒಳ್ಳೆಯ ವೈದ್ಯರೊಬ್ಬರ ಆರೈಕೆಯಿಂದ ಮರಳಿತು. ನೋಡುವುದನ್ನೇ ಬದುಕಾಗಿಸಿಕೊಳ್ಳಹೊರಟವರಿಗೆ ನೋಟವೇ ಮೊದಲ ಬಲಿಯಾಗಲಿದ್ದುದು ವಿಧಿಯ ವಿಡಂಬನೆ.

ಜೀವವಿಮೆಯ ಪತ್ರಗಳನ್ನು ಒತ್ತೆಯಿಟ್ಟು, ಬಂದ ಸಾಲದಿಂದ ೧೯೧೨ರ ಫೆಬ್ರವರಿಯಲ್ಲಿ ಅವರು ಲಂಡನ್ನಿಗೆ ಹಡಗು ಹತ್ತಿದರು. ಗುರುತು ಪರಿಚಯವಿಲ್ಲದ ಊರು. ಅಲ್ಲಿನ ಒಂದು ಚಲಚ್ಚಿತ್ರ ಪತ್ರಿಕೆಯ ಸಂಪಾದಕರಾಗಿದ್ದ ಕಬೋರ್ನ್ ಎಂಬವರನ್ನು ನೇರವಾಗಿ ಕಂಡು ತಮ್ಮ ಮನದ ಬಯಕೆಯನ್ನು ತೋಡಿಕೊಂಡರು. ಆ ಸಹೃದಯರ ನೆರವಿನಿಂದ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೋವನ್ನು ಒಳಹೊಕ್ಕು ನೋಡುವ ಅವಕಾಶ ದೊರೆಯಿತು. ಕೆಲವೇ ದಿನಗಳಲ್ಲಿ ಕಣ್ಣಿಗೆ ಬಿದ್ದುದನ್ನೆಲ್ಲ ಮನಸ್ಸಿನಲ್ಲಿ ತುಂಬಿಕೊಂಡು, ವಿಲಿಯಂಸನ್ ಕ್ಯಾಮರಾವನ್ನೂ ಫಿಲ್ಮಿನ ಅಂಚಿಗೆ ತೂತು ಕೊರೆಯುವ ಯಂತ್ರವನ್ನೂ ಕೊಳ್ಳುವ ಏರ್ಪಾಟು ಮಾಡಿ ಏಪ್ರಿಲ್ ತಿಂಗಳಿನಲ್ಲಿ ಹಿಂದಿರುಗಿದರು.

ಯಂತ್ರವೇನೋ ಬಂದಿತು, ಚಿತ್ರಕ್ಕೆ ಹಣವೆಲ್ಲಿ? ಕಥಾಚಿತ್ರವೆಂದರೆ ವೇಷಭೂಷಣ, ಪರದೆ, ನಟವರ್ಗ, ಅವರೆಲ್ಲರ ಊಟ. ಎಂದೂ ನೋಡದ ವ್ಯಾಪಾರಕ್ಕೆ ಹಣ ತೊಡಗಿಸಲು ಯಾವ ಸಾಹುಕಾರರು ಮುಂದೆ ಬಂದಾರು? ಇಲ್ಲಿಯೇ ಬಟಾಣಿ ಕಾಳು ಕಥೆಯೊಳಕ್ಕೆ ಬರುವುದು. ಫಾಲ್ಕೆಯವರು ಮಾತಿನಿಂದ ಮನವೊಲಿಸುವ ಗೊಡವೆಗೆ ಹೋಗಲಿಲ್ಲ. ವೇಷ ಬೇಡದ, ಸಂಬಳ ಕೇಳದ, ಊಟಕ್ಕೆ ಒಂದಿಷ್ಟು ನೀರಷ್ಟೇ ಸಾಕೆನ್ನುವ ನಟನನ್ನು ಆರಿಸಿಕೊಂಡರು. ಆ ತಿಂಗಳಿನ ಕೆಲಸ ಎಂಥದೆಂಬುದನ್ನು ಊಹಿಸಬಹುದು. ಕುಂಡವಾಗಲಿ ಕ್ಯಾಮರಾವಾಗಲಿ ಕೂದಲೆಳೆಯಷ್ಟೂ ಅಲುಗುವಂತಿಲ್ಲ, ಹೊತ್ತು ತಪ್ಪುವಂತಿಲ್ಲ. ಫಿಲ್ಮನ್ನು ಸಂಸ್ಕರಿಸಿ ನೋಡುವವರೆಗೂ ಫಲವೇನೆಂದು ತಿಳಿಯುವಂತಿಲ್ಲ. ರೈತನಿಗಾದರೋ ಚೆಲ್ಲಿದ ಬೀಜ ಮೊಳೆತುದು ಕಣ್ಣಿಗೆ ಕಾಣುತ್ತದೆ. ಫಾಲ್ಕೆಯವರ ಪೈರು ಕತ್ತಲ ಪೆಟ್ಟಿಗೆಯೊಳಗೆ ಬೆಳೆಯುತ್ತಿತ್ತು.

‘ಅಂಕುರಾಚೀ ವಾಢ’, ಅಂದರೆ ಮೊಳಕೆಯ ಬೆಳವಣಿಗೆ, ಎಂದು ಅವರು ಹೆಸರಿಟ್ಟ ಆ ತುಣುಕನ್ನು ಆಯ್ದ ಕೆಲವರಿಗೆ ತೋರಿಸಿದರು. ತಿಂಗಳ ಬೆಳೆ ನಿಮಿಷದಲ್ಲಿ ಕಣ್ಣೆದುರು ಎದ್ದುಬಂದುದನ್ನು ಕಂಡವರ ಸಂಶಯ ಕರಗಿತು; ಸಾಲ ಹುಟ್ಟಿತು. ಸಾಲದ ಹಣ ಸಾಲದೆ ಹೋದಾಗ ಅವರ ಎರಡನೆಯ ಪತ್ನಿ ಸರಸ್ವತೀಬಾಯಿ ತಮ್ಮ ಒಡವೆಗಳನ್ನು ಬಿಚ್ಚಿಕೊಟ್ಟರು. ಈ ತಾಯಿಯ ವಿಷಯವಾಗಿ ನಾಲ್ಕು ಮಾತು ಹೇಳದಿದ್ದರೆ ತಪ್ಪಾದೀತು. ಮನೆಗೆಲಸ ಮುಗಿದ ಮೇಲೆ ಕತ್ತಲಕೋಣೆಯಲ್ಲಿ ಕುಳಿತು ಫಿಲ್ಮಿಗೆ ತೂತು ಕೊರೆದವರು ಅವರು. ರಾಸಾಯನಿಕಗಳನ್ನು ಬೆರೆಸಿ ಫಿಲ್ಮು ಸಂಸ್ಕರಿಸಲು ನೆರವಾದವರು ಅವರು. ಅರುವತ್ತು ಎಪ್ಪತ್ತು ಮಂದಿಯ ಚಿತ್ರತಂಡಕ್ಕೆ ಅಡುಗೆ ಮಾಡಿ ಬಡಿಸಿದವರೂ ಅವರೇ. ಭಾರತದ ಚಲಚ್ಚಿತ್ರಕ್ಕೆ ಒಬ್ಬ ಪಿತಾಮಹನಿದ್ದಂತೆ ಒಬ್ಬ ಮಾತೆಯೂ ಇದ್ದಳೆಂಬುದನ್ನು ಲೋಕ ಬಹುಕಾಲ ನೆನೆಯಲಿಲ್ಲ.

‘ರಾಜಾ ಹರಿಶ್ಚಂದ್ರ’ ಸಿದ್ಧವಾಗಲು ಆರು ತಿಂಗಳು ಇಪ್ಪತ್ತೇಳು ದಿನ ಹಿಡಿಯಿತು. ರಾಘವಾಂಕನ ಕಾವ್ಯದಿಂದ ಕನ್ನಡಿಗರಿಗೆ ಮನೆಮಾತಾದ ಆ ಸತ್ಯಸಂಧನ ಕಥೆಯಲ್ಲಿ ತಾರಾಮತಿಯ ಪಾತ್ರಕ್ಕೆ ಹೆಂಗಸೊಬ್ಬಳೂ ಒಪ್ಪಿ ಬರಲಿಲ್ಲ. ಕಂಪನಿ ನಾಟಕಗಳಲ್ಲಿ ಗಂಡಸರೇ ಸ್ತ್ರೀವೇಷ ಹಾಕುತ್ತಿದ್ದ ಆ ಕಾಲದಲ್ಲಿ ಕ್ಯಾಮರಾದೆದುರು ನಿಲ್ಲುವುದು ಇನ್ನೂ ಹೀನವೆನಿಸಿತ್ತು. ಕಡೆಗೆ ಒಂದು ಉಪಾಹಾರಗೃಹದ ಅಡಿಗೆಮನೆಯಲ್ಲಿದ್ದ ಸಾಳುಂಕೆ ಎಂಬ ತರುಣನೇ ತಾರಾಮತಿಯಾದ. ಫಾಲ್ಕೆಯವರ ಮಗ ಬಾಲಚಂದ್ರನೇ ಅರಸುಕುವರನಾದ. ೧೯೧೩ರ ಮೇ ೩ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಚಿತ್ರ ತೆರೆಕಂಡಿತು. ಜನ ಮುಗಿಬಿದ್ದರು. ‘ಮೋಹಿನಿ ಭಸ್ಮಾಸುರ’, ‘ಸತ್ಯವಾನ್ ಸಾವಿತ್ರಿ’ಗಳು ಅದರ ಬೆನ್ನಿಗೇ ಬಂದವು.

ಆದರೆ ಮೊದಲ ಮಹಾಯುದ್ಧ ಬಂದು ಕಚ್ಚಾ ಫಿಲ್ಮಿಗೂ ಹಣಕ್ಕೂ ಬರ ಬಂದಿತು. ಇಂಥ ಬಿಕ್ಕಟ್ಟಿನಲ್ಲಿ ಫಾಲ್ಕೆಯವರು ಮತ್ತೆ ತಮ್ಮ ಮೊದಲ ಉಪಾಯಕ್ಕೇ ಮರಳಿದರು. ೧೯೧೫ರಲ್ಲಿ ‘ಆಗಕಾಡ್ಯಾಂಚೀ ಮೌಜ’ ಎಂಬ ಕಿರುಚಿತ್ರ ಮಾಡಿದರು. ಬೆಂಕಿಕಡ್ಡಿಗಳ ಮೋಜು ಎಂದು ಅದರ ಅರ್ಥ. ಜಡವಾದ ಕಡ್ಡಿಗಳು ತಾವಾಗಿಯೇ ಸರಿದಾಡಿ ಬಗೆಬಗೆಯ ಆಕಾರ ತಳೆಯುವ ಆ ಆಟವೇ ನಮ್ಮ ದೇಶದ ಅನಿಮೇಷನ್ನಿಗೆ ಬುನಾದಿಯೆಂದು ಚರಿತ್ರಕಾರರು ಎಣಿಸುತ್ತಾರೆ. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಗೊಂಬೆಯಾಡಿಸುವವನ ಕೈಯಿರುತ್ತದೆ. ಇಲ್ಲಿ ಆ ಕೈಯನ್ನೂ ಎರಡು ಬಿಡಿಚಿತ್ರಗಳ ನಡುವಣ ಬಿಡುವಿನಲ್ಲಿ ಅಡಗಿಸಿಬಿಟ್ಟರು. ಇನ್ನೊಂದು ಕಿರುಚಿತ್ರದಲ್ಲಿ ತಾವೇ ಜಾದೂಗಾರರಾಗಿ ಕಾಣಿಸಿಕೊಂಡರು. ಅದರಲ್ಲಿ ಅವರ ಹೆಸರು ಪ್ರೊಫೆಸರ್ ಕೇಲ್ಫಾ. ಫಾಲ್ಕೆ ಎಂಬುದನ್ನು ಹಿಂದುಮುಂದಾಗಿ ಓದಿದರೆ ಈ ಹೆಸರಿನ ಗುಟ್ಟು ತಿಳಿದೀತು.

೧೯೧೭ರ ‘ಲಂಕಾದಹನ’ದಲ್ಲಿ ಈ ಎಲ್ಲ ಕೈಚಳಕಕ್ಕೂ ಹಿರಿಯ ಕಣ ದೊರೆಯಿತು. ಹಿಂದೆ ತಾರಾಮತಿಯಾಗಿದ್ದ ಸಾಳುಂಕೆ ಇದರಲ್ಲಿ ರಾಮನೂ ತಾನೇ, ಸೀತೆಯೂ ತಾನೇ. ಹನುಮಂತ ಆಕಾಶಕ್ಕೆ ಹಾರಿದ, ಲಂಕೆ ಉರಿಯಿತು. ಊರೂರಿನಲ್ಲಿ ಹಣದ ಹೊಳೆ ಹರಿಯಿತು. ಮರುವರ್ಷ ಹಿಂದುಸ್ಥಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಎಂಬ ದೊಡ್ಡ ಸಂಸ್ಥೆ ಹುಟ್ಟಿತು. ‘ಕಾಳಿಯಮರ್ದನ’ದಲ್ಲಿ ಅವರ ಪುಟ್ಟ ಮಗಳು ಮಂದಾಕಿನಿ ಬಾಲಕೃಷ್ಣನಾಗಿ ನೋಡುವವರ ಮನಸೂರೆಗೊಂಡಳು.

ಅದೇ ಶಿಖರ, ಮುಂದಿನದು ಇಳಿಜಾರು. ಲೆಕ್ಕದ ಪುಸ್ತಕಕ್ಕೂ ಕಲಾವಿದನ ಮನಸ್ಸಿಗೂ ಹೊಂದಿಕೆಯಾಗುವುದು ಅಪರೂಪ. ಮುದ್ರಣಾಲಯದಲ್ಲಿ ನಡೆದುದೇ ಇಲ್ಲಿಯೂ ನಡೆಯಿತು. ಪಾಲುದಾರರೊಡನೆ ಮುನಿದು ಕುಟುಂಬದೊಡನೆ ಕಾಶಿಗೆ ಹೊರಟುಹೋದರು. ಅಲ್ಲಿ ನಾಟಕ ಬರೆದರು. ಮತ್ತೆ ಕರೆದಾಗ ಹಿಂದಿರುಗಿದರು. ಅಷ್ಟರಲ್ಲಿ ಕಾಲ ಮುಂದೆ ಹೋಗಿತ್ತು. ೧೯೩೧ರಲ್ಲಿ ‘ಆಲಂ ಆರಾ’ ಮಾತಾಡಿತು. ಮಾರನೆಯ ವರ್ಷ ತೆರೆಗೆ ಬಂದ ಫಾಲ್ಕೆಯವರ ‘ಸೇತುಬಂಧನ’ ಮೂಕವಾಗಿಯೇ ಹುಟ್ಟಿ, ಆಮೇಲೆ ದನಿಯನ್ನು ಎರವಲು ಪಡೆಯಬೇಕಾಯಿತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರಲ್ಲಿ ಸಿದ್ಧವಾದುದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಅದೇ ಕೊಲ್ಲಾಪುರದಲ್ಲಿಯೇ ಮೂರು ವರ್ಷಗಳ ಬಳಿಕ ಫಾಲ್ಕೆಯವರು ತಮ್ಮ ಏಕೈಕ ವಾಕ್ಚಿತ್ರ ‘ಗಂಗಾವತರಣ’ವನ್ನು ಮುಗಿಸಿದರು. ಒಂದು ನಾಡಿನ ಚಿತ್ರರಂಗ ಕಣ್ಣುಬಿಟ್ಟ ಊರಿನಲ್ಲಿಯೇ ಅದರ ಪಿತಾಮಹರ ಕೆಲಸ ಕೊನೆಗೊಂಡಿತು. ಆಗ ಅವರಿಗೆ ಅರುವತ್ತೇಳು ವರ್ಷ. ಅನಂತರ ನಾಸಿಕದ ಮನೆಯಲ್ಲಿ ಸದ್ದಿಲ್ಲದ ದಿನಗಳು. ಇನ್ನೂ ಒಂದು ಚಿತ್ರ ಮಾಡಬೇಕೆಂಬ ಆಸೆ ಆರಿರಲಿಲ್ಲ. ಎರಡನೆಯ ಮಹಾಯುದ್ಧದ ಆ ಕಾಲದಲ್ಲಿ ಚಿತ್ರ ತೆಗೆಯಲು ಸರ್ಕಾರದ ಅಪ್ಪಣೆ ಬೇಕಾಗಿತ್ತು, ಅದಕ್ಕಾಗಿ ಬರೆದುಕೊಂಡರು, ಅಪ್ಪಣೆ ದೊರೆಯಲಿಲ್ಲ. ೧೯೪೪ರ ಫೆಬ್ರವರಿ ೧೬ರಂದು ಅವರು ಕಣ್ಮುಚ್ಚಿದರು.

ಸತ್ತ ಮೇಲೆ ಗೌರವ ತಡವಾಗಿಯಾದರೂ ಬಂದಿತು. ೧೯೬೯ರಲ್ಲಿ ಅವರ ಹೆಸರಿನ ಪುರಸ್ಕಾರ ಆರಂಭವಾಯಿತು. ನಮ್ಮ ಡಾ. ರಾಜಕುಮಾರರಿಗೂ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೂ ಅದು ಸಂದಿದೆ. ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗ ೧೯೫೭ರಲ್ಲಿ ಜಾತಕ ಕಥೆಯೊಂದನ್ನು ಆಧರಿಸಿದ ಜಿಂಕೆಯ ಚಿತ್ರವನ್ನು ಹೊರತಂದಿತು. ಮುಂದೆ ದೂರದರ್ಶನ ಬಂದು ಇಂಥ ಚಿತ್ರಗಳನ್ನು ಮನೆಯ ನಡುಮನೆಗೇ ತಂದಿತು. ಫಾಲ್ಕೆಯವರ ತೊಂಬತ್ತಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಬಹುಪಾಲು ಮಾತ್ರ ಇಂದು ಇಲ್ಲ. ಫಿಲ್ಮು ಅಲ್ಪಾಯು, ಬೆಂಕಿ, ತೇವ, ಅಲಕ್ಷ್ಯಗಳಿಗೆ ಅದು ಬೇಗ ತುತ್ತಾಗುತ್ತದೆ. ‘ರಾಜಾ ಹರಿಶ್ಚಂದ್ರ’ದ ಕೆಲವು ತುಣುಕುಗಳೂ ‘ಕಾಳಿಯಮರ್ದನ’ದ ಬಹುಭಾಗವೂ ಉಳಿದಿವೆ. ಬಟಾಣಿಯ ಬಳ್ಳಿ ಉಳಿಯಲಿಲ್ಲ.

ಉಳಿಯದಿದ್ದರೂ ಅದರ ಸಾಕ್ಷ್ಯ ಸಣ್ಣದಲ್ಲ. ತೆರೆಯ ಮೇಲೆ ಕಂಡ ಒಂದು ನಿಮಿಷದ ಹಿಂದೆ ಕಾಣದ ಒಂದು ತಿಂಗಳು ಇತ್ತು. ಆ ತಿಂಗಳಿನ ಹಿಂದೆ ಪ್ಲೇಗು, ಮುರಿದ ಪಾಲುದಾರಿಕೆ, ಮಂಜಾದ ಕಣ್ಣುಗಳ ವರ್ಷಗಳಿದ್ದವು. ಮಾರಿದ ಒಡವೆಗಳು ಅದರ ಮುಂದೆ ಕಾದಿದ್ದವು. ಲೋಕ ಬಿಡಿಚಿತ್ರಗಳನ್ನು ಮಾತ್ರ ನೋಡುತ್ತದೆ. ಅವುಗಳ ನಡುವಣ ಬಿಡುವಿನಲ್ಲಿ ದುಡಿದವರನ್ನು ಕಾಣುವುದಿಲ್ಲ. ಕುಕ್ಕುವಾಡದ ಸಸಿಮಡಿಯ ಮಗ್ಗುಲಲ್ಲಿ ಹಾದುಹೋಗುವಾಗ ಹಸುರನ್ನು ಕಂಡು ಸಂತೋಷಪಡುವ ನಾವು, ಬೀಜ ನೆನೆಹಾಕಿದವರನ್ನೂ ನೀರು ಹಾಯಿಸಿದವರನ್ನೂ ಒಮ್ಮೆ ನೆನೆಯುವುದು ಲೇಸು.