ವಿದ್ಯಾದಾಸೋಹಿ ಪೂಜ್ಯ ದೊಡ್ಡಪ್ಪ ಅಪ್ಪಗಳವರು

ಇಜೇರಿ ಗ್ರಾಮವಿರುವ ಸೀಮೆಯಲ್ಲಿಯೇ ಅರಳಗುಂಡಗಿಯೆಂಬ ಪುಣ್ಯಕ್ಷೇತ್ರವುಂಟು. ಮಹಾದಾಸೋಹಿ ಶ್ರೀ ಶರಣಬಸವೇಶ್ವರರು 1746ರಲ್ಲಿ ಅಲ್ಲಿ ಅವತರಿಸಿ, ಒಕ್ಕಲುತನದ ಕಾಯಕದಿಂದ ಬಂದುದನ್ನು ಜಂಗಮಕ್ಕೆ ಸವೆಸಿ, ಕಡೆಗೆ ಕಲಬುರಗಿಯಲ್ಲಿ ನೆಲೆನಿಂತು 1822ರಲ್ಲಿ ಲಿಂಗೈಕ್ಯರಾದರು. ಅವರ ಮನೆಯ ಬಾಗಿಲಿಗೆ ಬಂದ ಹಸಿದವರಾರೂ ಬರಿಗೈಯಲ್ಲಿ ಮರಳಲಿಲ್ಲ.

ಆ ಮಹಾದಾಸೋಹ ಪೀಠದ ಏಳನೆಯ ಪೀಠಾಧಿಪತಿಗಳೇ ಪೂಜ್ಯ ದೊಡ್ಡಪ್ಪ ಅಪ್ಪಗಳವರು. ಗೃಹಸ್ಥರಾಗಿದ್ದುಕೊಂಡೇ ಪೀಠವನ್ನು ನಡೆಸಿದ ಅವರ ಕಾಲದಲ್ಲಿ ಕಲಬುರಗಿ ನಿಜಾಮರ ಆಳಿಕೆಗೆ ಒಳಪಟ್ಟಿತ್ತು. ರಾಜಭಾಷೆ ಉರ್ದು, 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ತಾಯಿಯ ತೊಡೆಯ ಮೇಲೆ ಕನ್ನಡ ಕಲಿತ ಕೂಸು ಶಾಲೆಯ ಹೊಸ್ತಿಲಲ್ಲಿ ಪರಭಾಷೆಗೆ ಬೆದರುತ್ತಿತ್ತು. ಬುದ್ಧಿಯಿದ್ದೂ ದಡ್ಡನೆನಿಸಿಕೊಂಡು ನಡುವೆಯೇ ಓದು ಬಿಟ್ಟವರೆಷ್ಟೋ ಮಂದಿ. ಹೆಣ್ಣುಮಕ್ಕಳಿಗಂತೂ ಆ ಹೊಸ್ತಿಲೂ ದೂರವಾಗಿತ್ತು.

ಹೊಟ್ಟೆಯ ಹಸಿವಿಗೆ ಅನ್ನವಿಕ್ಕುವ ಪೀಠವು ಅರಿವಿನ ಹಸಿವಿಗೂ ಉಣಬಡಿಸಬೇಕಾದ ಹೊತ್ತು ಅದಾಗಿತ್ತು. ಅಪ್ಪಗಳವರು 1934ರಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಮಹಾದೇವಿಯಕ್ಕನ ಹೆಸರಿನಲ್ಲಿ ಕನ್ಯಾಶಾಲೆಯನ್ನು ತೆರೆದರು. ಹೆಣ್ಣಿಗೆ ಅಕ್ಷರವೇಕೆಂದು ಲೋಕ ಹಿಂಜರಿಯುತ್ತಿದ್ದ ಕಾಲದಲ್ಲಿ ದಾಸೋಹದ ಮೊದಲ ಪಂಕ್ತಿಯಲ್ಲಿ ಹೆಣ್ಣುಮಕ್ಕಳನ್ನೇ ಕುಳ್ಳಿರಿಸಿದುದು ಸಾಮಾನ್ಯ ಧೈರ್ಯವಲ್ಲ. ಶರಣರು ಹೆಣ್ಣು-ಗಂಡೆಂಬ ಭೇದವೆಣಿಸದೆ ಅನುಭಾವದ ಮಂಟಪಕ್ಕೆ ಬರಮಾಡಿಕೊಂಡ ತತ್ತ್ವವು ಹೀಗೆ ಆಚರಣೆಗೆ ಬಂದಿತು.

1948ರಲ್ಲಿ ನಿಜಾಮರ ಆಳಿಕೆ ಕೊನೆಗೊಂಡಿತು. 1956ರಲ್ಲಿ ಕಲಬುರಗಿ ಕನ್ನಡ ನಾಡಿನಲ್ಲಿ ಒಂದಾಯಿತು. ಸಂಘವು ಶಾಲೆಯಿಂದ ಕಾಲೇಜಿನವರೆಗೆ ಬೆಳೆಯಿತು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯವರು ಕಲಬುರಗಿಯಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜು ಅಪ್ಪಗಳವರ ನಾಮವನ್ನೇ ಧರಿಸಿದೆ. ಅವರು 1983ರಲ್ಲಿ ಲಿಂಗೈಕ್ಯರಾದರು. ಅವರು ನೆಟ್ಟ ಸಸಿ 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯವೆಂಬ ಹೆಮ್ಮರವಾಯಿತು.

ಇಂದು ಉರ್ದುವಿನ ಬೆದರಿಕೆಯಿಲ್ಲ. ಆದರೆ ಹಳ್ಳಿಯಿಂದ ಕಾಲೇಜಿಗೆ ಬಂದ ಮಗು ಇಂಗ್ಲಿಷಿಗೂ ಶುಲ್ಕದ ಹೊರೆಗೂ ಅಳುಕಿ ನಡುದಾರಿಯಲ್ಲಿ ನಿಲ್ಲುವುದುಂಟು. ಪಂಕ್ತಿಯಲ್ಲಿ ಕುಳ್ಳಿರಿಸಿ ಅರೆಯೂಟದಲ್ಲಿ ಎಲೆ ಎತ್ತುವುದು ದಾಸೋಹವಲ್ಲ. ಮಗುವನ್ನು ಕಾಲೇಜಿಗೆ ಸೇರಿಸುವುದು ಎಲೆ ಹಾಕಿದಂತೆ. ತಿಳಿಯದುದನ್ನು ಮತ್ತೆ ತಿಳಿಸಿ, ತೊಡಕಿದ್ದಲ್ಲಿ ಕೈಹಿಡಿದು, ಓದು ಮುಗಿಯುವವರೆಗೆ ಜೊತೆ ನಿಲ್ಲುವುದೇ ತುಂಬು ಊಟ. ಸದ್ಭಕ್ತ ಗೃಹಸ್ಥರು ತಮ್ಮ ಕಾಯಕದ ಒಂದು ಪಾಲನ್ನು ಇದಕ್ಕೆ ಸವೆಸಿದರೆ ಅದೇ ಅಪ್ಪಗಳವರಿಗೆ ಸಲ್ಲುವ ನಿಜಪೂಜೆ.